ಅಜ್ಜನ ಜರ್ಮನ್ ಟೋಪಿ

ಅಮೆರಿಕದ ಗೈದರ್ಸ್‌ಬರ್ಗ್‌ನಲ್ಲಿ ಹಳೆಯ ಸೇನಾ ಟೋಪಿಗಳನ್ನು ಸಂಗ್ರಹಿಸುವ ಅಂಕಲ್ ಒಬ್ಬರ ಮನೆಗೆ ಅಜ್ಜನ ಜರ್ಮನ್ ಟೋಪಿಯನ್ನು ಒಯ್ದಿದ್ದೆ. ಅವರು ಕಪಾಟು ತೆರೆದಾಗ ಬಂದ ನುಸಿಗುಳಿಗೆಯ ವಾಸನೆ ಧಾರವಾಡದ ಅಜ್ಜನ ಟ್ರಂಕಿನದೇ.

ಎರಡನೇ ಮಹಾಯುದ್ಧದಲ್ಲಿ, ಮರುಭೂಮಿಯಲ್ಲಿ ಸಿಪಾಯಿಯಾಗಿದ್ದ ಅಜ್ಜನ ತೊಡೆಯ ಮೇಲೆ ಪ್ರಾಣಬಿಟ್ಟ ಜರ್ಮನ್ ಸೆರೆಯಾಳಿನ ಟೋಪಿ ಅದು. ಅವನ ತಾಯಿಗೆ ತಲುಪಿಸುವೆನೆಂದು ಅಜ್ಜ ಮಾತು ಕೊಟ್ಟಿದ್ದ. ಒಳಗಿನ ಕೆಂಪು ಬಟ್ಟೆಯ ಮೇಲೆ ಶಾಯಿಯಲ್ಲಿದ್ದ ಹೆಸರನ್ನು ಓದಲು ಅಜ್ಜನಿಗೆ ಬರುತ್ತಿರಲಿಲ್ಲ.

"ಸತ್ತವರದು, ತೊಳೀಲಾರದ ಒಳಗ ತರಬ್ಯಾಡ್ರಿ" ಎಂದು ಅಜ್ಜಿ ಟ್ರಂಕನ್ನು ಕಟ್ಟೆಯ ಮೇಲೇ ಇಡಿಸಿದ್ದಳು. ಅವಳನ್ನು ಮೆಚ್ಚಿಸಲು, ಚಿಕ್ಕವಳಿದ್ದ ನಾನೇ ಒಂದು ದಿನ ಟೋಪಿಯನ್ನು ಅಂಟುವಾಳದ ನೊರೆಯಲ್ಲಿ ತಿಕ್ಕಿ ತೊಳೆದೆ. ಅಜ್ಜ ಒಳಗಿನ ಕೆಂಪು ಬಟ್ಟೆಯನ್ನು ಬಿಸಿಲಿಗೆ ತಿರುವಿ ತಿರುವಿ ನೋಡಿದ. ಬೈಯಲೇ ಇಲ್ಲ.

"ಡೆಸರ್ಟ್ ಆರ್ಮಿದು, ರೇರ್ ಪೀಸ್. ಹೆಸರಿದ್ರೆ ಫ್ಯಾಮಿಲಿನ ಹುಡುಕ್ಬೋದು" ಎಂದು ಅಂಕಲ್ ಭೂತಗನ್ನಡಿ ಹಿಡಿದರು. ನಾನು ಟೋಪಿಯ ಒಳಭಾಗವನ್ನು ದೀಪದತ್ತ ತಿರುಗಿಸಿ ಹಿಡಿದೆ.

"ಯಾರೋ ತುಂಬಾ ಚೆನ್ನಾಗಿ ತೊಳೆದುಬಿಟ್ಟಿದಾರಮ್ಮ."