ಹುಲ್ಲಿನ ಮೇಲಿಟ್ಟ ಕೋಲು

ಬರಾಂಪಾಮಾ ತೀರಿಕೊಂಡು ತಿಂಗಳಾಯಿತು. ವ್ಯಾಜ್ಯ ಬಂದರೆ ಗುಡ್ಡದ ಜನ ಈಗಲೂ ಅವನ ಅಂಗಳದ ಕಡೆಗೇ ತಿರುಗುತ್ತಾರೆ, ಆಮೇಲೆ ನೆನಪಾಗಿ ನಿಲ್ಲುತ್ತಾರೆ.

ಹತ್ತೊಂಬತ್ತು ವರ್ಷ ಅವನು ನ್ಯಾಯದ ಕೋಲು ಹಿಡಿದಿದ್ದ. ಅದನ್ನು ನೆಲಕ್ಕೆ ಕುಟ್ಟಿ ಹೇಳಿದ್ದೇ ತೀರ್ಪು. ತಪ್ಪಿ ನಡೆದವನ ಕೈಯಿಂದ ಗುಡ್ಡದ ಜನರೇ ಕೋಲನ್ನು ಕಿತ್ತುಕೊಳ್ಳುತ್ತಾರೆ. ಅಲ್ಲಿಗೆ ಅವನ ಮಾತಿಗೆ ಬೆಲೆಯಿಲ್ಲ.

ಒಂದು ಬೇಸಿಗೆಯಲ್ಲಿ ನೆರೆಯ ರುಗಂಬಾ, ಹೆಂಡ ಮಾಡುವ ಬಾಳೆಗೊನೆಗಳನ್ನು ಹಣ್ಣಿಗೆ ಹಾಕಲು ಉದ್ದನೆಯ ಗುಂಡಿ ತೋಡುತ್ತಿದ್ದ. ಕೈಜೋಡಿಸಲು ಹೋದ ಬರಾಂಪಾಮಾನ ಗುದ್ದಲಿಗೆ ಸತ್ತ ಬೇರುಗಳು ಸಿಕ್ಕವು, ನೂಲು ಹಿಡಿದ ಹಾಗೆ ಒಂದೇ ಸಾಲಿನಲ್ಲಿ. ಹಳೆಯ ಕಳ್ಳಿಬೇಲಿಯ ಬೇರು. ಈಗಿನ ಬೇಲಿ ಅಲ್ಲಿಂದ ಆರು ಹೆಜ್ಜೆ ಆಚೆ, ವಿಧವೆ ಇನಾಬೆಜಾಳ ಹೊಲದೊಳಗಿತ್ತು. ಎಂಟು ವರ್ಷದ ಹಿಂದೆ ಆ ಬೇಲಿಯನ್ನು ನಂಬಿ, ನಡುವಿನ ಪಟ್ಟಿ ರುಗಂಬಾನದೆಂದು ಕೋಲು ಕುಟ್ಟಿದ್ದವನು ಅವನೇ.

"ಸುಮ್ನಿರೋ ಮಾರಾಯ," ಎಂದ ಸುದ್ದಿ ಕೇಳಿದ ಮಿಬುರೊ, ಬರಾಂಪಾಮಾನ ಜೊತೆ ನ್ಯಾಯಕ್ಕೆ ಕೂರುವ ಗೆಳೆಯ. "ಆಕೇನೇ ಮರೆತಿದ್ದಾಳೆ."

"ಮರೆತಿಲ್ಲ. ಆ ಕಡೆ ನೋಡೋದು ಬಿಟ್ಟಿದ್ದಾಳೆ."

"ಕೋಲು ಹೋಗುತ್ತೆ ಕಣೋ."

"ಈಗ ಕೈಲಿರೋದು ಬರೀ ಕಟ್ಟಿಗೆ."

ಮುಂದಿನ ಪಂಚಾಯ್ತಿಯ ದಿನ ಹಿರಿಯರೆಲ್ಲ ಹುಲ್ಲಿನ ಮೇಲೆ ಕೂತಿದ್ದರು. ಬರಾಂಪಾಮಾ ತನ್ನ ಜಾಗಕ್ಕೆ ಹೋಗಲಿಲ್ಲ. ಕೋಲನ್ನು ನಡುವೆ ಮಲಗಿಸಿ, ತಪ್ಪಿತಸ್ಥರು ಕೂರುವ ಕಡೆ ಕೂತು, ಕಂಡದ್ದನ್ನು ಹೇಳಿದ. ಸೋತವರು ತರಬೇಕಾದ ಹೆಂಡದ ಗಡಿಗೆಯನ್ನೂ ತಾನೇ ಹೊತ್ತು ತಂದಿದ್ದ.

ರುಗಂಬಾ ತಲೆಯೆತ್ತಲಿಲ್ಲ. "ಬೇಲಿ ಸರಿಸಿದ್ದು ಅಪ್ಪ. ನಾನು ಚಿಕ್ಕೋನು, ನೋಡ್ತಾ ನಿಂತಿದ್ದೆ."

ಪಟ್ಟಿ ಇನಾಬೆಜಾಳಿಗೆ ಮರಳಿತು. ಉಳಿದದ್ದು ಕೋಲಿನ ಮಾತು. ಅನ್ಯಾಯ ಆದದ್ದು ಆಕೆಗೆ, ಆಕೆಯೇ ಹೇಳಲಿ ಎಂದರು ಹಿರಿಯರು.

ಆಕೆ ಗಡಿಗೆಯೊಳಗೆ ಇಣುಕಿದಳು. "ಅವತ್ತು ಸೋತು ನಾನು ತಂದಿದ್ದು ಇದಕ್ಕಿಂತ ದೊಡ್ಡದಿತ್ತು."

ಕೂತವರೆಲ್ಲ ನಕ್ಕರು. ಬರಾಂಪಾಮಾ ನಗಲಿಲ್ಲ. "ಇನ್ನೊಂದು ತರ್ತೀನಿ ತಾಯಿ."

"ಬೇಡ. ಕೋಲು ಎತ್ಕೊಳ್ಳಣ್ಣ, ಕೋಳಿ ತುಳೀತಾವೆ. ನಾಳೆ ನನಗೊಂದು ಜಗಳ ಬಂದ್ರೆ ಯಾರ ಹತ್ರ ಹೋಗ್ಲಿ? ಯಾವತ್ತೂ ತಪ್ಪೇ ಮಾಡದೇ ಇರೋರ ಹತ್ರಾನಾ?"

ಅವನು ಎತ್ತಿಕೊಂಡ. ಎದ್ದು ಹೋಗಿ ತನ್ನ ಜಾಗದಲ್ಲಿ ಕೂತ. ನ್ಯಾಯ ಎಂದರೇನೆಂದು ಮಕ್ಕಳು ಕೇಳಿದರೆ ಗುಡ್ಡದವರು ವಿವರಿಸಲು ಹೋಗುವುದಿಲ್ಲ. ಹಳೆಯ ಸಾಲಿಗೆ ಮರಳಿದ ಆ ಬೇಲಿಯ ಹತ್ತಿರ ಕರೆದುಕೊಂಡು ಹೋಗುತ್ತಾರೆ.

ಅವನನ್ನು ಮಣ್ಣು ಮಾಡಿದ ದಿನ ಎಲ್ಲರಿಗಿಂತ ಮೊದಲು ಹೆಂಡ ಹೊತ್ತು ಬಂದವಳು ಇನಾಬೆಜಾ. ಗಡಿಗೆಯನ್ನು ಇಳಿಸಲು ಇಬ್ಬರು ಕೈ ಕೊಡಬೇಕಾಯಿತು.