ಆಸ್ಪತ್ರೆ ಅಂಗಳದಲ್ಲಿ ಹೂತ ಮಡಿಕೆಗಳು

ಹೊಸ ಮಡಿಕೆಗೆ ಮೊದಲ ಸಲ ನೀರು ಸುರಿದಾಗ ಒಂದು ವಾಸನೆ ಬರುತ್ತದಲ್ಲ, ಅದು ನನ್ನನ್ನು ಈಗಲೂ ಸುಮ್ಮನೆ ಬಿಡುವುದಿಲ್ಲ. ಹೋದ ವಾರ ಬೇಸಿಗೆಗೆಂದು ಚಿಂತಾಮಣಿ ರಸ್ತೆಯ ಪಕ್ಕದಲ್ಲಿ ಕೊಂಡು ತಂದ ಮಡಿಕೆಗೆ ನೀರು ತುಂಬಿ ಸ್ಟೂಲಿನ ಮೇಲಿಟ್ಟೆ. ಅಡುಗೆಮನೆಯೆಲ್ಲ ಮೊದಲ ಮಳೆ ಬಿದ್ದ ನೆಲದ ಹಾಗೆ ಘಮಗುಟ್ಟಿತು. ಅರ್ಧ ಗಂಟೆಯಲ್ಲಿ ಸ್ಟೂಲು ಒದ್ದೆ, ನೆಲ ಒದ್ದೆ. ಮನೆಗೆಲಸಕ್ಕೆ ಬರುವ ಹೆಂಗಸು, "ಇದು ಸೋರ್ತೈತಮ್ಮ, ವಾಪಸ್ ಕೊಟ್ಬಿಡಿ" ಎಂದಳು. ನಾನು ಒರೆಸುವ ಬಟ್ಟೆ ಹಿಡಿದು ಅಲ್ಲೇ ನಿಂತುಬಿಟ್ಟೆ. ಸೋರುವ ಮಡಿಕೆ ಎಂಬ ಮಾತು ಕೇಳಿದರೆ ಎಂಬತ್ತು ದಾಟಿದ ಈ ವಯಸ್ಸಿನಲ್ಲೂ ನನಗೆ ಮುಖ ಬಿಸಿಯಾಗುತ್ತದೆ...

ಅರವತ್ತರ ದಶಕದ ಮೊದಲ ವರ್ಷಗಳವು. ಶಿಡ್ಲಘಟ್ಟದ ಹೆಣ್ಣುಮಕ್ಕಳ ಶಾಲೆಗೆ ನಾನು ಉಪಾಧ್ಯಾಯಿನಿಯಾಗಿ ಹೋದೆ. ಇಪ್ಪತ್ತೆರಡರ ವಯಸ್ಸು, ಕಂಡದ್ದನ್ನೆಲ್ಲ ತಿದ್ದುವ ಚಟ. ಊರಿನ ಅಂಚಿನಲ್ಲಿ ಬಾಡಿಗೆ ಮನೆ. ಬೆಳಗಾದರೆ ಒಂದು ಕಡೆಯಿಂದ ರೇಷ್ಮೆಗೂಡು ಬೇಯಿಸುವ ವಾಸನೆ, ಇನ್ನೊಂದು ಕಡೆಯಿಂದ ಟಪ್ ಟಪ್ ಎಂದು ಮಡಿಕೆ ತಟ್ಟುವ ಸದ್ದು. ತಟ್ಟುತ್ತಿದ್ದವಳು ಪಕ್ಕದ ಮನೆಯ ಕುಂಬಾರ ಅಕ್ಕ. ಆಂಧ್ರದ ಗಡಿಯಾಚೆಯ ಹಳ್ಳಿಯಿಂದ ಮದುವೆಯಾಗಿ ಬಂದವಳು. ವಯಸ್ಸು ಕೇಳಿದರೆ, "ದೊಡ್ಡ ಬರ ಬಂದಾಗ ನಾನು ನಡೀತಿದ್ನಂತೆ" ಎನ್ನುತ್ತಿದ್ದಳು. ಲೆಕ್ಕ ನಾವೇ ಹಾಕಿಕೊಳ್ಳಬೇಕು.

ಅವರ ಮನೆಯಲ್ಲಿ ಚಕ್ರ ಗಂಡನದು, ತಟ್ಟುವುದು ಹೆಂಡತಿಯದು. ಗಂಡ ತಿರುಗಿಸಿಕೊಟ್ಟ ಹಸಿ ಮಡಿಕೆಯೊಳಗೆ ಉಂಡೆಗಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ಅದರ ಮೈ ಬಿಗಿ ಮಾಡುವುದು ಇವಳ ಕೆಲಸ. ಹಾಗಾಗಿ ಮಡಿಕೆ ಸೊಟ್ಟಗಿದ್ದರೆ ಜನ ಗಂಡನನ್ನು ಬಯ್ಯುತ್ತಿದ್ದರು, ಸೋರಿದರೆ ಹೆಂಡತಿಯನ್ನು. ಸಂತೆಯಲ್ಲಿ ಅವಳದೊಂದು ಪದ್ಧತಿಯಿತ್ತು. ಕೊಳ್ಳುವವರ ಎದುರಿಗೇ ಮಡಿಕೆಗೆ ನೀರು ತುಂಬಿ, ತಾನು ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಳು. ಎಲೆ ಅಗಿದು ಮುಗಿಯುವುದರೊಳಗೆ ತಳದಲ್ಲಿ ಒಂದು ಹನಿ ಕಂಡರೂ ಸರಿ, ಅಲ್ಲೇ ಕುಕ್ಕಿ ಒಡೆದು ಬೇರೆಯದು ಕೊಡುತ್ತಿದ್ದಳು. ಸೋರುವ ಮಡಿಕೆ ತನ್ನ ಕೈ ದಾಟಿ ಹೋಗಬಾರದು ಎಂಬುದು ಅವಳ ವ್ರತ. ಕೈವಾರದ ಕಡೆಯಿಂದಲೂ ಜನ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು.

ನಮ್ಮ ಮಹಿಳಾ ಸಮಾಜದ ಹೆಂಗಸರಿಗೆ ಆಗ ತೋಟದ ಹುಚ್ಚು ಹಿಡಿದಿತ್ತು. ಊರಿನ ಹೆರಿಗೆ ಆಸ್ಪತ್ರೆಯ ಅಂಗಳ ಬೋಳು ಬಯಲು. ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬಂದವರು ಮಗಳ ಕೂಗು ಕೇಳುತ್ತ ಆ ಬಿಸಿಲಲ್ಲೇ ಕೂರಬೇಕು. ವರ್ಷ ವರ್ಷವೂ ಆಷಾಢದಲ್ಲಿ ದೊಡ್ಡವರೊಬ್ಬರು ಬಂದು ಸಸಿ ನೆಟ್ಟು, ಭಾಷಣ ಮಾಡಿ, ಹಾರ ಹಾಕಿಸಿಕೊಂಡು ಹೋಗುತ್ತಿದ್ದರು. ಸಂಕ್ರಾಂತಿಯ ಹೊತ್ತಿಗೆ ಕಡ್ಡಿ ಉಳಿಯುತ್ತಿತ್ತು. ಮುಂದಿನ ವರ್ಷ ಗುಂಡಿ ಅದೇ, ಸಸಿ ಮಾತ್ರ ಹೊಸದು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ನಾವು ಭಾನುವಾರಗಳಂದು ಶ್ರಮದಾನವೆಂದು ಸೆರಗು ಸಿಕ್ಕಿಸಿ, ಕೆರೆಯ ಗೋಡನ್ನೂ ರೇಷ್ಮೆಹುಳದ ಹಿಕ್ಕೆಯನ್ನೂ ಮಂಕರಿಯಲ್ಲಿ ಹೊತ್ತು ಹಾಕಿ, ಹೊಂಗೆ, ಬೇವು, ಕಣಗಿಲೆ ನೆಟ್ಟೆವು. ನಮ್ಮ ಗಿಡಗಳೂ ಒಣಗಿದವು. ಅಲ್ಲಿದ್ದುದು ಒಂದೇ ಬಾವಿ. ಎರಡು ಕೊಡ ನೀರು ಕೇಳಲು ಹೋದರೆ ಆಸ್ಪತ್ರೆಯ ಆಯಾ ಸೊಂಟದ ಮೇಲೆ ಕೈಯಿಟ್ಟು, "ಬಾಣಂತೀರ ಬಟ್ಟೆ ಒಗಿಯಾಕೆ ನೀರಿಲ್ಲ, ನಿಮ್ಮ ಗಿಡಕ್ಕೆ ಎಲ್ಲಿಂದ ತರಣ?" ಎಂದಳು. ಅವಳ ಮಾತಿನಲ್ಲಿ ತಪ್ಪೇನಿರಲಿಲ್ಲ.

ಆ ಚೈತ್ರದಲ್ಲಿ ಒಂದು ದಿನ ಕುಂಬಾರ ಅಕ್ಕನ ಹಿತ್ತಿಲಿಗೆ ಬೆಂಕಿ ಕೇಳಲು ಹೋದವಳು ಕುಂಬಳದ ಬಳ್ಳಿ ನೋಡಿ ಬೆರಗಾದೆ. ಊರೆಲ್ಲ ಬೂದಿ ಬಣ್ಣ, ಅದು ಮಾತ್ರ ಹಸಿರು. ಬುಡದಲ್ಲಿ ಕುತ್ತಿಗೆಯವರೆಗೂ ಹೂತ ಮಡಿಕೆ, ಮೇಲೊಂದು ಮುಚ್ಚಳ. ತಳದಲ್ಲಿ ಸೋರಿದ್ದಕ್ಕೆ ಮಾರದೆ ಮನೆಯಲ್ಲೇ ಉಳಿಸಿಕೊಂಡದ್ದಂತೆ. "ನಾಕು ದಿನಕ್ಕೊಂದ್ಸಲ ತುಂಬಿದ್ರೆ ಸಾಕು. ಬೇರಿಗೆ ಬಾಯಾರಿದಾಗ ಅದೇ ಎಳ್ಕೊಂತದೆ. ನಮ್ಮಮ್ಮ ಮಾಡ್ತಿದ್ಲು" ಎಂದಳು. ನಾನು ಅಲ್ಲೇ ನಿಂತು, ಆಸ್ಪತ್ರೆ ಅಂಗಳಕ್ಕೆ ಇಂಥವೇ ಮೂವತ್ತು ಮಾಡಿಕೊಡು ಎಂದು ಕೇಳಿದೆ. ಅವಳ ಮುಖ ಬಾಡಿತು.

"ಸೋರೋ ಮಡಿಕೆ ಬೇಕಂತ ಮಾಡು ಅಂತೀರಾ ಮೇಷ್ಟ್ರಮ್ಮ? ದೇವುಡಾ... ನಿಮ್ಮನ್ನ ಬೇಕಂತ ತಪ್ಪು ಪಾಠ ಹೇಳ್ಕೊಡಿ ಅಂದ್ರೆ ಹೇಳ್ಕೊಡ್ತೀರಾ?"

ಕೇಳಲು ಹೋದ ಬೆಂಕಿಯನ್ನೂ ಮರೆತು ಮನೆಗೆ ಬಂದೆ.

ಹದಿನೈದು ದಿನ ಕಳೆದಿರಬಹುದು. ಅವಳ ಮಗಳನ್ನು ಅದೇ ಆಸ್ಪತ್ರೆಗೆ ಸೇರಿಸಿದರು. ಅಕ್ಕ ಬೆಳಗಿನಿಂದ ಮೂರು ಗಂಟೆಯವರೆಗೆ ಆ ಅಂಗಳದಲ್ಲಿ ತಲೆಯ ಮೇಲೆ ಒದ್ದೆ ಸೆರಗು ಹಾಕಿಕೊಂಡು ಕೂತಿದ್ದಳಂತೆ. ಮೊಮ್ಮಗಳು ಹುಟ್ಟಿದಳು. ಮಾರನೆಯ ದಿನ ಬೆಲ್ಲ ಕೊಡಲು ಬಂದವಳು ಹೊಸ್ತಿಲಾಚೆಯೇ ನಿಂತು, "ಎಷ್ಟಂದ್ರಿ? ಮೂವತ್ತಾ?" ಎಂದಳು. ಅವಳದು ಒಂದೇ ಷರತ್ತು. "ಹೂತು ಉಳಿದದ್ದನ್ನ ಅಲ್ಲೇ ಒಡೆದ್ಬಿಡ್ಬೇಕು. ಒಂದೂ ಊರೊಳಗೆ ಬರಬಾರ್ದು. ಎಲ್ರೂ ಮಣ್ಣು ಹೊರ್ತೀರಿ, ನಾನು ಮಣ್ಣು ಸುಡ್ತೀನಿ, ಅಷ್ಟೇ."

ಮಣ್ಣಿಗೆ ಹೊಟ್ಟು ಬೆರೆಸಿ, ಅರ್ಧಂಬರ್ಧ ತಟ್ಟಿ, ಕಮ್ಮಿ ಸೌದೆಯಲ್ಲಿ ಸುಟ್ಟಳು. ಆ ದಿನಗಳಲ್ಲಿ ಪಕ್ಕದ ಮನೆಯ ಟಪ್ ಟಪ್ ಸದ್ದು ಶುರುವಾಗುತ್ತಲೇ ನಿಂತುಹೋಗುತ್ತಿತ್ತು. ಅಭ್ಯಾಸದ ಕೈಯನ್ನು ಅವಳು ಹಿಡಿದು ಹಿಡಿದು ನಿಲ್ಲಿಸುತ್ತಿದ್ದಾಳೆ ಎಂದು ನನಗೆ ಆಗ ಹೊಳೆಯಲಿಲ್ಲ.

ಮೂವತ್ತೆರಡು ಮಡಿಕೆ ಬಂದವು. ಸಮಾಜದ ಹೆಂಗಸರು ತಲಾ ಒಂದೆರಡು ಮನೆಗೆ ಒಯ್ದು, ಭಾನುವಾರ ತಂದು, ಅರಿಸಿನ ಕುಂಕುಮ ಹಚ್ಚಿ, ಹೊಸದಾಗಿ ನೆಟ್ಟ ಸಸಿಗಳ ಬುಡದಲ್ಲಿ ಹೂತರು. ಮಳೆ ಕೈಕೊಟ್ಟ ಆಷಾಢ. ಒಂದು ವಾರದಲ್ಲಿ ಗಿಡಗಳು ತಲೆ ಬಾಗಿಸಿದವು. ಮುಚ್ಚಳ ತೆಗೆದು ನೋಡಿದರೆ ಮಡಿಕೆಗಳಲ್ಲಿ ನೀರು ಹಾಗೇ ಇದೆ! ನಾನು ಉರಿದುಕೊಂಡು ಅಕ್ಕನ ಮನೆಗೆ ಹೋಗಿ, "ಏನಕ್ಕ, ನಿನ್ನ ಮಡಿಕೆ ಸೋರುತ್ತಲೇ ಇಲ್ಲ" ಎಂದು ಜಗಳ ತೆಗೆದೆ. ಅಂಥ ದೂರು ಯಾವ ಕುಂಬಾರಗಿತ್ತಿಯೂ ಕೇಳಿರಲಾರಳು. ಅವಳು ಬಂದು ಮಡಿಕೆಯೊಳಗೆ ಬೆರಳಾಡಿಸಿ ಮೂಸಿ ನೋಡಿದಳು. ಆಮೇಲೆ ನೆಲಕ್ಕೆ ಕೂತು ನಗಲು ಶುರುಮಾಡಿದಳು. "ಗಂಜಿ! ಎಲ್ರೂ ಗಂಜಿ ಕುಡಿಸವ್ರೆ!"

ಹೊಸ ಮಡಿಕೆ ಕಂಡರೆ ನಮ್ಮ ಕಡೆಯ ಯಾವ ಹೆಂಗಸು ಸುಮ್ಮನಿರುತ್ತಾಳೆ? ಅನ್ನದ ಗಂಜಿ ತುಂಬಿ ಒಂದೆರಡು ದಿನ ಇಟ್ಟು ಪಳಗಿಸುತ್ತಾಳೆ. ಸಣ್ಣ ತೂತುಗಳೆಲ್ಲ ಮುಚ್ಚಿ ಮಡಿಕೆ ಗಟ್ಟಿಯಾಗಲಿ ಎಂದು. ಸೋರಲೆಂದೇ ಮಾಡಿದ ಮಡಿಕೆಯನ್ನು ನಾವು ಸೋರದ ಹಾಗೆ ಮಾಡಿದ್ದೆವು. ಯಾರಿಗೂ ಯಾರೂ ಹೇಳಿರಲಿಲ್ಲ, ಕೈ ತಾನಾಗಿ ಮಾಡಿಬಿಟ್ಟಿತ್ತು. ಒಪ್ಪಿಕೊಳ್ಳುತ್ತೇನೆ, ನಾನೂ ಎರಡಕ್ಕೆ ಕುಡಿಸಿದ್ದೆ. ಅಕ್ಕ ಎಲ್ಲವನ್ನೂ ಕೀಳಿಸಿ, ಗಂಜಿ ಸುಟ್ಟುಹೋಗಲೆಂದು ಮತ್ತೆ ಆವಿಗೆಗೆ ಹಾಕಿ ಸುಟ್ಟಳು. ಈ ಸಲ ತಾನೇ ನಿಂತು ಹೂಳಿಸಿದಳು. ಎರಡು ಉಳಿದವು. "ಒಡೆದ್ಬಿಡಿ ಮೇಷ್ಟ್ರಮ್ಮ" ಎಂದು ಹೇಳಿ ಮೊಮ್ಮಗಳನ್ನು ನೋಡಲು ಹೋದಳು.

ನಾನು ಒಡೆಯಲಿಲ್ಲ. ನೋಡಲು ಎಷ್ಟು ಚೆನ್ನಾಗಿದ್ದವು! ಒಳ್ಳೆಯ ವಸ್ತುವನ್ನು ಹಾಳುಮಾಡಬಾರದೆಂದು ಮಕ್ಕಳಿಗೆ ದಿನಾ ಹೇಳುವವಳು ನಾನು. ಆಯಾಳನ್ನು ಒಲಿಸಿಕೊಳ್ಳುವ ಆಸೆಯೂ ಇತ್ತು. ಎರಡನ್ನೂ ಅವಳಿಗೆ ಕೊಟ್ಟು, ಹಿತ್ತಿಲಿನ ಗಿಡಕ್ಕೆ ಇಟ್ಟುಕೋ ಎಂದು ಹೇಳುವುದನ್ನೇ ಮರೆತೆ. ಅವಳು ಒಂದನ್ನು ರಾಗಿ ಮೂಟೆಯ ಪಕ್ಕದಲ್ಲಿ ನೀರು ತುಂಬಿ ಇಟ್ಟಳಂತೆ...

ಸಂತೆಯ ದಿನ ನಾನು ತರಕಾರಿಗೆಂದು ಹೋದಾಗ ಗುಂಪು ಸೇರಿತ್ತು. ಆಯಾ ಮಡಿಕೆ ಎತ್ತಿ ಹಿಡಿದು ಕೂಗುತ್ತಿದ್ದಳು. "ನೋಡ್ರವ್ವಾ ನೋಡ್ರಿ, ಇವಳ ಕೈ ಹೋಯ್ತು! ನಮ್ಮನೆ ರಾಗಿಯೆಲ್ಲ ನೀರುಪಾಲಾಯ್ತು!" ಅಕ್ಕ ತನ್ನ ಮಡಿಕೆಗಳ ನಡುವೆ ತಲೆ ತಗ್ಗಿಸಿ ಕೂತಿದ್ದಳು. ಬಾಯಲ್ಲಿ ಎಲೆಅಡಿಕೆ ಇತ್ತು, ಅಗಿಯುತ್ತಿರಲಿಲ್ಲ. ನನ್ನನ್ನು ಕಂಡಳು. ಇವರನ್ನು ಕೇಳಿ ಎಂದು ಒಂದು ಬೆರಳು ತೋರಿಸಿದ್ದರೆ ಸಾಕಿತ್ತು. ತೋರಿಸಲಿಲ್ಲ. ಕೊಳ್ಳಲು ನಿಂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಜಾರಿಕೊಂಡರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಆ ದೊಣ್ಣೆ ನಾನೇ ಆಗಿದ್ದೆ.

ತರಗತಿಯ ಹೊರಗೆ ಎಂದೂ ದನಿ ಎತ್ತದವಳು ಅಂದು ಕೂಗಿದೆ. ತಪ್ಪು ನನ್ನದು, ಇದು ಗಿಡಕ್ಕೆಂದೇ ಮಾಡಿಸಿದ್ದು, ನಾನೇ ಒಡೆಯದೆ ಕೊಟ್ಟೆ ಎಂದೆ. ಕೆಲವರು ನಕ್ಕರು. ಬೇಕೆಂದು ಸೋರುವ ಮಡಿಕೆ ಯಾರಾದರೂ ಮಾಡುತ್ತಾರೆಯೇ? ಬನ್ನಿ, ಅಗೆದು ತೋರಿಸುತ್ತೇನೆ ಎಂದು ಹತ್ತಾರು ಜನರನ್ನು ಆಸ್ಪತ್ರೆ ಅಂಗಳಕ್ಕೆ ಎಳೆದೊಯ್ದೆ. ಗುದ್ದಲಿ ಎತ್ತಿ ಒಂದು ಹೊಂಗೆ ಸಸಿಯ ಬುಡಕ್ಕೆ ಹಾಕಬೇಕು, ಹಿಂದಿನಿಂದ ಓಡಿ ಬಂದ ಅಕ್ಕ ನನ್ನ ಕೈ ಹಿಡಿದಳು.

"ಬೇಡ ಕಣಮ್ಮ. ಬೇರು ಈಗ್ತಾನೆ ಮಡಿಕೆ ಹಿಡ್ಕೊಂಡವೆ, ಕಿತ್ರೆ ಗಿಡ ಹೋಗ್ತದೆ. ನನ್ನ ಹೆಸರು ಹೋದ್ರೆ ಹೋಗ್ಲಿ ಬಿಡು, ಇನ್ನೊಂದು ಮಡಿಕೆ ತಟ್ಟಿ ತರ್ತೀನಿ."

ಯಾವಾಗಲೂ 'ಮೇಷ್ಟ್ರಮ್ಮ' ಎನ್ನುತ್ತಿದ್ದವಳು ಅಂದು ಮಗಳನ್ನು ಕರೆಯುವಂತೆ ಕರೆದಳು. ನಾನು ಗುದ್ದಲಿ ಕೆಳಗಿಟ್ಟು ಎಲ್ಲರೆದುರೂ ಅತ್ತೆ. ಜನ ಚದುರಿದರು.

ಸಂತೆಯಲ್ಲಿ ಹುಟ್ಟಿದ ಮಾತು ಸಂಜೆಯೊಳಗೆ ಹತ್ತೂರು ಸೇರುತ್ತದೆ. ಅದನ್ನು ತಿದ್ದುವ ಮಾತಿಗೆ ಮಾತ್ರ ಗಾಡಿ ಸಿಗುವುದಿಲ್ಲ. ನಮ್ಮ ಊರಿನವರು ನಿಧಾನವಾಗಿ ಮತ್ತೆ ಅವಳ ಬಳಿ ಕೊಂಡರು, ಆಯಾ ಕೂಡ. ಕೈವಾರದ ಕಡೆಯವರು ಮತ್ತೆ ಬರಲಿಲ್ಲ. ಅಕ್ಕ ಒಮ್ಮೆಯೂ ನನ್ನೆದುರು ಆ ಮಾತೆತ್ತಲಿಲ್ಲ. ಮುಂದಿನ ಬೇಸಿಗೆಯಲ್ಲಿ ಆ ಅಂಗಳದ ಗಿಡಗಳು ಮೊದಲ ಬಾರಿಗೆ ಸಾಯಲಿಲ್ಲ. ನಾಲ್ಕು ದಿನಕ್ಕೊಮ್ಮೆ ಮಡಿಕೆ ತುಂಬಲು ಅವಳೇ ಸೊಂಟದ ಮೇಲೆ ಮೊಮ್ಮಗಳನ್ನು ಕೂರಿಸಿಕೊಂಡು ಬರುತ್ತಿದ್ದಳು. ನನಗೆ ಗೌರಿಬಿದನೂರಿಗೆ ವರ್ಗವಾದಾಗ ಹೊಂಗೆ ನನ್ನ ಭುಜ ಮುಟ್ಟುತ್ತಿತ್ತು. ಅಲ್ಲಿಯೂ ಶಾಲೆಯ ಅಂಗಳದಲ್ಲಿ ಮಡಿಕೆ ಹೂತೆ. ಉಳಿದದ್ದನ್ನು ನನ್ನ ಕೈಯಾರೆ ಒಡೆದೆ.

ಅಕ್ಕ ತೀರಿಹೋದ ಸುದ್ದಿ ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ. ಫೋಟೋ ಎಂಬುದು ಒಂದೂ ಇಲ್ಲ. ಅವಳ ಮನೆಯಿದ್ದ ಜಾಗವನ್ನು ಈಗ ನಾನು ಗುರುತಿಸಲಾರೆ...

ಕೆಲವು ವರ್ಷಗಳ ಹಿಂದೆ ಒಂದು ಮದುವೆಗೆಂದು ಶಿಡ್ಲಘಟ್ಟಕ್ಕೆ ಹೋದವಳು ಹಳೆಯ ಆಸ್ಪತ್ರೆಯ ಕಡೆ ನಡೆದೆ. ಹೊಸ ಕಟ್ಟಡಕ್ಕೆಂದು ಮೂಲೆಯ ಹೊಂಗೆ ಮರವನ್ನು ಬುಡಸಮೇತ ಕೆಡವಿದ್ದರು. ಕೂಲಿಯವರು ಬೇರಿನ ಸುತ್ತ ಗುಂಪುಗೂಡಿ, "ನಿಧಿ, ನಿಧಿ" ಎಂದು ಪಿಸುಗುಟ್ಟುತ್ತಿದ್ದರು. ಬೇರಿನ ಬಲೆಯೊಳಗೆ ಒಂದು ಮಡಿಕೆ. ಒಂದು ಕಡೆ ಬಿರುಕು, ಉಳಿದಂತೆ ಹಾಗೇ ಇತ್ತು. ಮಣ್ಣು ಕಾಣದಷ್ಟು ಬಿಗಿಯಾಗಿ ಬೇರು ಅದನ್ನು ತಬ್ಬಿತ್ತು. ಅಂದು ಸಂತೆಯ ಜನಕ್ಕೆ ನಾನು ತೋರಿಸಬೇಕೆಂದಿದ್ದುದು ಇದನ್ನೇ. ಈಗ ನೋಡಲು ಅವರಲ್ಲಿ ಒಬ್ಬರೂ ಇರಲಿಲ್ಲ.

ಒಬ್ಬ ಒಳಗೆ ಕೈ ಹಾಕಿ ನೋಡಿ, "ಏನೂ ಇಲ್ಲ ಕಣ್ರೋ" ಎಂದ. ಮತ್ತೆ ನನ್ನ ಕಡೆ ತಿರುಗಿ, "ಏನಿತ್ತಮ್ಮ ಇದ್ರಾಗೆ? ನಿಮ್ಗೆ ಗೊತ್ತಾ?" ಎಂದು ಕೇಳಿದ.

"ನೀರಿತ್ತಪ್ಪ" ಎಂದೆ.

ತಪ್ಪಾಯಿತೆಂದು ಅವಳಿಗೆ ಹತ್ತು ಸಲ ಹೇಳಿದ್ದೆ. ನಿನ್ನಿಂದ ಬದುಕಿದೆವು ಅಕ್ಕ, ಆ ತೋಟವೂ ನಾನೂ, ಎಂದು ಒಮ್ಮೆಯೂ ಹೇಳಿರಲಿಲ್ಲ. ಆ ಮಾತು ಉಳಿದೇ ಹೋಯಿತು.

ಹೋದ ವಾರ ತಂದ ಮಡಿಕೆಯನ್ನು ವಾಪಸ್ ಕೊಡಲಿಲ್ಲ. ಗೇಟಿನಾಚೆ, ಬಸ್ಸಿಗೆ ಕಾಯುವವರು ನಿಲ್ಲುವ ಕಡೆ, ಒಂದು ಹೊಂಗೆ ಸಸಿ ನೆಡಿಸಿ ಅದರ ಬುಡದಲ್ಲಿ ಕುತ್ತಿಗೆಯವರೆಗೂ ಹೂಳಿಸಿದೆ. ಮನೆಗೆಲಸದ ಹೆಂಗಸು ಒಳಗಿನಿಂದ ಪಾತ್ರೆ ಹಿಡಿದು ಬಂದಳು. ಹೊಸ ಮಡಿಕೆಯಲ್ಲವೇ, ಮೊದಲು ಪಳಗಿಸಬೇಕೆಂದು ಅನ್ನದ ಗಂಜಿ ಬಸಿದು ತಂದಿದ್ದಳು.

ನಾನು ಅವಳ ಕೈ ಹಿಡಿದೆ.

"ಬೇಡ ಕಣಮ್ಮ" ಎಂದೆ.