ಪ್ರಧಾನಿಗಿಂತ ಮೇಲೆ ಒಂದು ಕುರ್ಚಿ

ನಮ್ಮ ಚಿಕ್ಕಮ್ಮನ ಕೆಲಸ ದೇಶವನ್ನು ಕೂರಿಸುವುದು. ನಗಬೇಡಿ. ರಾಜಧಾನಿಯ ಕವಾಯತು ಮೈದಾನದಲ್ಲಿ ವರ್ಷಕ್ಕೊಮ್ಮೆ ಸೇನೆಯೆಲ್ಲ ಹೆಜ್ಜೆ ಹಾಕುತ್ತ ಬಂದು ಸರ್ಕಾರಕ್ಕೆ ಸಲಾಂ ಹೊಡೆಯುತ್ತದಲ್ಲ, ಆ ಸರ್ಕಾರ ಕೂರುವುದಕ್ಕೆ ಕುರ್ಚಿ ಹಾಕುತ್ತಿದ್ದವಳು ಅವಳೇ. ಯಾರ ಪಕ್ಕ ಯಾರು, ಯಾರ ಹಿಂದೆ ಯಾರು ಎಂಬುದು ಅವಳ ನಾಲಗೆಯ ತುದಿಯಲ್ಲಿತ್ತು. ಮನೆಗೆ ನೆಂಟರು ಬಂದರೂ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ದೊಡ್ಡ ಮಾವನನ್ನು ಎಬ್ಬಿಸಿ ಸಣ್ಣ ಅತ್ತೆಯನ್ನು ಕೂರಿಸಿ, ಕಾಫಿ ಕೊಡುವುದರೊಳಗೆ ಇಬ್ಬರೂ ಪರಸ್ಪರ ಮಾತು ಬಿಡುವಂತೆ ಮಾಡಿದ ಖ್ಯಾತಿ ಅವಳದು.

ನನಗೆ ಪೌರನೀತಿ ಹೇಳಿಕೊಟ್ಟವಳೂ ಅವಳೇ. ಪರೀಕ್ಷೆಯ ಹಿಂದಿನ ದಿನ ಊಟದ ಮನೆಯ ಕುರ್ಚಿ, ಮೊಗಚಿಟ್ಟ ಬಕೆಟ್ಟು, ಅಜ್ಜಿಯ ಮಣೆ ಎಲ್ಲವನ್ನೂ ಸಾಲಾಗಿ ಜೋಡಿಸಿದಳು.

"ನಡುವೆ ರಾಷ್ಟ್ರಾಧ್ಯಕ್ಷೆ. ನೆಲ, ನೀರು, ಗಾಳಿ, ಮೂರೂ ಪಡೆಗೆ ಅವರೇ ಒಡತಿ. ಆದ್ರೆ ಅವರಾಗಿ ಅವರು ಒಂದು ಪಟಾಕೀನೂ ಹೊಡೆಯೋ ಹಾಗಿಲ್ಲ."

"ಮತ್ತೆ ಯಾರು ಹೊಡೆಯೋದು?"

"ಬಲಗಡೆ ಪ್ರಧಾನಿ ಇದಾರಲ್ಲ, ಅವರ ಮಂತ್ರಿಮಂಡಲ ಹೇಳ್ಬೇಕು. ಇವರು ಸಹಿ ಹಾಕ್ಬೇಕು. ಮಂತ್ರಿಗಳು ಎಡವಟ್ಟು ಮಾಡಿದ್ರೆ ಸಂಸತ್ತು ಕಿವಿ ಹಿಂಡತ್ತೆ. ಸಂಸತ್ತೇ ಎಡವಟ್ಟು ಮಾಡಿದ್ರೆ ಆ ತುದೀಲಿ ಮುಖ್ಯ ನ್ಯಾಯಮೂರ್ತಿ ಇದಾರೆ."

"ದಂಡನಾಯಕರು?"

"ಎಡಗಡೆ. ಅದೂ ರಕ್ಷಣಾ ಮಂತ್ರಿ ಕೂತ್ಮೇಲೆ. ತೋಪಿರೋರು ಪೆನ್ನಿರೋರ ಆಚೆ ಕೂರ್ಬೇಕು, ಅಷ್ಟೇ ಪಾಠ. ಎಲ್ಲೋ ಒಂದು ದೇಶದಲ್ಲಿ ಒಂದಿನ ಬೆಳಗ್ಗೆ ದಂಡನಾಯಕ ನಡುಗುರ್ಚೀಲಿ ಕೂತ್ಬಿಟ್ಟನಂತೆ. ಆಮೇಲೆ ಏಳ್ಲೇ ಇಲ್ಲ, ಪುಣ್ಯಾತ್ಮ!"

ಆ ಪರೀಕ್ಷೆಯಲ್ಲಿ ನಾನು ಪ್ರಧಾನಿಯನ್ನು ಬಕೆಟ್ಟು ಎಂದು ಬರೆದು ಬಂದೆ. ಅದು ಬೇರೆ ವಿಷಯ.

ಇಷ್ಟೆಲ್ಲ ಜನರಿಗೆ ಜಾಗ ತೋರಿಸಿದವಳಿಗೆ ಮದುವೆ ಮಾತ್ರ ಆಗಿರಲಿಲ್ಲ. ನೋಡಲು ಬಂದ ಗಂಡುಗಳನ್ನೆಲ್ಲ ಕೂತ ಭಂಗಿ ಸರಿಯಿಲ್ಲ ಎಂದು ವಾಪಸು ಕಳಿಸಿದ್ದಳು. "ಇವಳಿಗೆ ನಿಂತುಕೊಂಡೇ ಇರೋ ಗಂಡು ಹುಡುಕ್ಬೇಕು" ಎಂದು ಅಜ್ಜಿ ಹಣೆ ಚಚ್ಚಿಕೊಳ್ಳುತ್ತಿದ್ದಳು. ಅಜ್ಜಿಯ ಬಾಯಿಗೆ ಸಕ್ಕರೆ ಹಾಕಬೇಕು. ಅಂಥವನೊಬ್ಬ ಆಗಲೇ ಇದ್ದ.

ಅವನು ಪದಾತಿದಳದ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮು ಬಾರಿಸುವವನು. ಈಗ ನಮ್ಮ ಮನೆಯಲ್ಲಿ ಢಂ ಚಿಕ್ಕಪ್ಪ. ಆ ಕವಾಯತಿನಲ್ಲಿ ಕುರ್ಚಿಯೇ ಇಲ್ಲದ ಜನ ಎಂದರೆ ಬ್ಯಾಂಡಿನವರು. ಪ್ರತಿವರ್ಷ ಬೆಳ್ಳಂಬೆಳಗ್ಗೆ ಡ್ರಮ್ಮಿನ ಚರ್ಮ ಬಿಗಿಮಾಡುವ ನೆಪದಲ್ಲಿ ಎಲ್ಲರಿಗಿಂತ ಮುಂಚೆ ಬರುತ್ತಿದ್ದ. ಅವಳು ಕುರ್ಚಿ ಒರೆಸುತ್ತಿದ್ದಳು, ಅವನು ಡ್ರಮ್ಮು ಒರೆಸುತ್ತಿದ್ದ. ಮಾತೆಲ್ಲ ಧೂಳಿನ ಮೇಲೆಯೇ. ಹೀಗೆ ವರ್ಷಗಟ್ಟಲೆ ಧೂಳು ಹೊಡೆದುಕೊಂಡೇ ಪ್ರೀತಿ ಮಾಡಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ವರ್ಷದ ಬೆಳಗ್ಗೆ ಚಿಕ್ಕಮ್ಮ ಕೊನೆಯ ಪರೀಕ್ಷೆ ಮಾಡುತ್ತಿದ್ದಳು. ಮೊದಲ ಸಾಲಿನ ನಡುವಿನಿಂದ ಧ್ವಜಸ್ತಂಭ ಅಡ್ಡ ಬರದೆ ಮೈದಾನವೆಲ್ಲ ಕಾಣುತ್ತದೆಯೇ ಎಂದು ಕೂತು ನೋಡಬೇಕು. ಗಣ್ಯರ ಕುರ್ಚಿಯಲ್ಲಿ ಕೂತರೆ ಮಖಮಲ್ಲು ಸುಕ್ಕಾಗುತ್ತದೆ. ಅದಕ್ಕೆ ಉಗ್ರಾಣದಿಂದ ಅಂಥದೇ ಇನ್ನೊಂದು ಕುರ್ಚಿ ತಂದು, ರಾಷ್ಟ್ರಾಧ್ಯಕ್ಷೆಯ ಕುರ್ಚಿಗೂ ಪ್ರಧಾನಿಯ ಕುರ್ಚಿಗೂ ನಡುವೆ ತೂರಿಸಿ, ಕೂತು ನೋಡಿ, ಮತ್ತೆ ಎತ್ತಿ ಒಯ್ಯುತ್ತಿದ್ದಳು. ಅವಳು ಹಾಗೆ ಕೂತಿದ್ದಾಗಲೇ ಹೊಟ್ಟೆಯ ಮೇಲೆ ಡ್ರಮ್ಮು ಹೊತ್ತು ಢಂ ಚಿಕ್ಕಪ್ಪ ಎದುರಿಗೆ ಬಂದು ನಿಂತ.

"ಗಡಿ ಠಾಣ್ಯದ ಬ್ಯಾಂಡಿಗೆ ಒಬ್ಬರನ್ನ ಕಳಿಸ್ತಾರಂತೆ. ನನ್ನ ಹೆಸರೇ ಮೊದಲು. ಸಾಯಂಕಾಲವೇ ಗಾಡಿ. ಹೋದ್ರೆ ಐದು ವರ್ಷ ಅಲ್ಲೇ."

ಚಿಕ್ಕಮ್ಮ ಕೈಯಲ್ಲಿದ್ದ ಧೂಳಿನ ಬಟ್ಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಮದುವೆ ಗೊತ್ತಾದವರನ್ನ ಕಳಿಸಲ್ಲ," ಎಂದು ಅವನು ಡ್ರಮ್ಮಿಗೆ ಹೇಳಿದ. ಅವಳಿಗೆ ಹೇಳುವ ಧೈರ್ಯವಿರಲಿಲ್ಲ. "ಕವಾಯತು ಮುಗಿದ ತಕ್ಷಣ ಬ್ಯಾಂಡ್ ಮಾಸ್ತರಿಗೆ ಹೇಳ್ಬೇಕು. ಅದಕ್ಕೇ ಕೇಳೋಣ ಅಂತ... ನೀವು... ಅಂದ್ರೆ ನಾವು..."

ಅವಳು ಬಾಯಿ ತೆರೆದಳು. ಮಾತು ಬರುವುದರೊಳಗೆ ಸೀಟಿ ಬಂತು. ಮೈದಾನ ಖಾಲಿ ಮಾಡಿ ಎಂದು ಸಮಾರಂಭದ ಅಧಿಕಾರಿ ಕೂಗುತ್ತಿದ್ದ.

"ಬಾಯಲ್ಲಿ ಹೇಳೋದೇ ಬೇಡ," ಎಂದು ಅವನು ಹಿಂದುಹಿಂದಕ್ಕೆ ಓಡುತ್ತ ಕೂಗಿದ. "ನಾವು ಹಾದು ಹೋಗುವಾಗ ನೀವು ಮೈದಾನದ ಅಂಚಿನ ಮೂರನೇ ಕಂಬದ ಹತ್ರ ನಿಂತಿದ್ರೆ ಹೂಂ ಅಂತ. ಇಲ್ಲದಿದ್ರೆ ನಾನು ಗಾಡಿ ಹತ್ತಿದೆ ಅಂತ!"

ಚಿಕ್ಕಮ್ಮನ ಕಾಲು ನೆಲದ ಮೇಲಿರಲಿಲ್ಲ. ತೇಲುತ್ತಲೇ ಮೂರನೇ ಕಂಬದ ಹತ್ತಿರ ಹೋಗಿ, ಕವಾಯತಿಗೆ ಇನ್ನೂ ಎಷ್ಟೋ ಹೊತ್ತಿರುವಾಗಲೇ ಅದನ್ನು ತಬ್ಬಿಕೊಂಡಂತೆ ನಿಂತಳು. ಕುರ್ಚಿ ಅಲ್ಲೇ ಉಳಿಯಿತು.

ಗಣ್ಯರು ಬರತೊಡಗಿದರು. ಪ್ರಧಾನಿ ಬಂದು ಕೂತು ಎಡಕ್ಕೆ ತಿರುಗಿದರೆ ಖಾಲಿ ಕುರ್ಚಿ. ಸಂವಿಧಾನವನ್ನು ಹಿಂದುಮುಂದಾಗಿ ತಿರುವಿ ಹಾಕಿದರೂ ರಾಷ್ಟ್ರಾಧ್ಯಕ್ಷೆಗೂ ಪ್ರಧಾನಿಗೂ ನಡುವೆ ಒಂದು ನೊಣಕ್ಕೂ ಜಾಗವಿಲ್ಲ. ಇಲ್ಲಿ ನೋಡಿದರೆ ಮಖಮಲ್ಲಿನ ಜಾಗ! ಪ್ರಧಾನಿಯ ಮುಖ ಇಂಗು ತಿಂದ ಮಂಗನಂತಾಯಿತು. ತಮಗಿಂತ ಮೇಲೆ ಯಾರನ್ನೋ ತಂದು ಕೂರಿಸುತ್ತಿದ್ದಾರೆ ಎಂದುಕೊಂಡರು. ಆ 'ಯಾರೋ' ತಾನೇ ಇರಬಹುದೇ ಎಂದು ಅರ್ಥಮಂತ್ರಿ ಎರಡನೇ ಸಾಲಿನಲ್ಲಿ ಟೈ ಸರಿಮಾಡಿಕೊಂಡರಂತೆ. ನೆಲಪಡೆಯ ದಂಡನಾಯಕರು ನೌಕಾಪಡೆಯವರನ್ನು ಅನುಮಾನದಿಂದ ನೋಡಿದರು. ನೌಕಾಪಡೆಯವರು ವಾಯುಪಡೆಯವರನ್ನು ನೋಡಿದರು. ವಾಯುಪಡೆಯವರು ಆಕಾಶ ನೋಡಿದರು.

ಎತ್ತಿಸಿಬಿಡಬಹುದಿತ್ತಲ್ಲ ಎನ್ನುತ್ತೀರಿ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಪ್ರಧಾನಿ ರಕ್ಷಣಾ ಮಂತ್ರಿಗೆ ಹುಬ್ಬು ಹಾರಿಸಿದರು. ಮಂತ್ರಿ ಸಿಪಾಯಿಗೆ ನೇರವಾಗಿ ಹೇಳುವ ಹಾಗಿಲ್ಲ, ಕಾರ್ಯದರ್ಶಿಯ ಕಿವಿಯಲ್ಲಿ ಊದಿದರು. ಕಾರ್ಯದರ್ಶಿ ದಂಡನಾಯಕರಿಗೆ, ದಂಡನಾಯಕರು ಬ್ರಿಗೇಡಿಯರಿಗೆ, ಬ್ರಿಗೇಡಿಯರು ಕರ್ನಲ್ಲಿಗೆ, ಕರ್ನಲ್ಲು ಕ್ಯಾಪ್ಟನ್ನಿಗೆ, ಕ್ಯಾಪ್ಟನ್ನು ಹವಾಲ್ದಾರನಿಗೆ. ಕೊನೆಗೆ ಒಬ್ಬ ಸಿಪಾಯಿ ದಡದಡ ಬಂದು ಕುರ್ಚಿಗೆ ಒಂದು ಸಲ್ಯೂಟು ಹೊಡೆದ. ಬಗ್ಗಿ ಅದರ ಕಾಲು ನೋಡಿದ. ಲೋಕೋಪಯೋಗಿ ಇಲಾಖೆ ಎಂದು ಬರೆದಿತ್ತು.

"ಇದು ನಮ್ದಲ್ಲ ಸಾರ್, ಸಿವಿಲ್ಲು," ಎಂದು ಹವಾಲ್ದಾರನಿಗೆ ಹೇಳಿದ. ಆ ಮಾತು ಮತ್ತೆ ಕ್ಯಾಪ್ಟನ್ನು, ಕರ್ನಲ್ಲು, ಬ್ರಿಗೇಡಿಯರು, ದಂಡನಾಯಕರು ಎಂದು ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಪ್ರಧಾನಿಯವರೆಗೆ ಬಂತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಲೋಕೋಪಯೋಗಿ ಮಂತ್ರಿಯನ್ನು ಹುಡುಕುವುದರೊಳಗೆ ಕಹಳೆ ಊದಿತು. ರಾಷ್ಟ್ರಾಧ್ಯಕ್ಷೆ ಬಂದೇಬಿಟ್ಟರು.

ವಯಸ್ಸಾದ ಹೆಂಗಸು, ಮಂಡಿನೋವು. ಕೂತರು, ಪಕ್ಕಕ್ಕೆ ನೋಡಿದರು.

"ಇದು ಯಾರ ಕುರ್ಚಿ?"

ಸಮಾರಂಭದ ಅಧಿಕಾರಿ ಬೆವರು ಸುರಿಸುತ್ತ ಓಡಿ ಹೋಗಿ ಚಿಕ್ಕಮ್ಮನನ್ನು ಕಂಬದಿಂದ ಕಿತ್ತು ತಂದ. ದೇಶದ ಮೊದಲ ಸಾಲಿನ ಎದುರು ಅವಳು ಕೈಕಟ್ಟಿ ನಿಂತಳು. ಸುಳ್ಳು ಹೇಳುವಷ್ಟು ಬುದ್ಧಿ ಆಗ ಓಡಲಿಲ್ಲ.

"ನನ್ದು ಅಮ್ಮಾ. ಕೂತು ನೋಡಿದ್ದೆ. ತೆಗೆಯೋದು ಮರೆತೋಯ್ತು."

"ನಿಮ್ದಾದ್ರೆ ಕೂತ್ಕೊಳ್ಳಿ. ಕತ್ತೆತ್ತಿ ಮಾತಾಡಕ್ಕೆ ನನಗಾಗಲ್ಲ."

ಪ್ರಧಾನಿ ಏನೋ ಹೇಳಲು ಹೋದರು. ರಾಷ್ಟ್ರಾಧ್ಯಕ್ಷೆ ಅವರ ಕಡೆ ನೋಡಲೇ ಇಲ್ಲ. ಅಧಿಕಾರದ ಐದು ವರ್ಷವೂ ಮಂತ್ರಿಮಂಡಲ ಬರೆದುಕೊಟ್ಟದ್ದನ್ನೇ ಓದಿ, ತೋರಿಸಿದಲ್ಲೇ ಸಹಿ ಹಾಕಿದ ಹೆಂಗಸು. ತಾವಾಗಿ ಕೊಟ್ಟ ಆಜ್ಞೆ ಅದೊಂದೇ ಇರಬೇಕು. ಮೂರೂ ಪಡೆಗಳ ಒಡತಿಯ ಆಜ್ಞೆಯನ್ನು ತಳ್ಳಿಹಾಕುವವರು ಯಾರಿದ್ದಾರೆ? ಚಿಕ್ಕಮ್ಮ ಕೂತಳು.

ಇತ್ತ ಮನೆಯಲ್ಲಿ ನಾನು, ಅಜ್ಜಿ ಟೀವಿ ಹಾಕಿಕೊಂಡಿದ್ದೆವು. "ಅಯ್ಯೋ, ನೋಡೇ ಇಲ್ಲಿ! ನಮ್ಮವಳು ಸರ್ಕಾರಕ್ಕೆ ಸೇರ್ಕೊಂಡಿದಾಳೆ!" ಎಂದು ಅಜ್ಜಿ ಕಿರುಚಿದಳು. ಹಳೆಯ ಕೆಲಸದ ಸೀರೆ, ಸೊಂಟದಲ್ಲಿ ಧೂಳಿನ ಬಟ್ಟೆ, ಒಂದು ಕಡೆ ರಾಷ್ಟ್ರಾಧ್ಯಕ್ಷೆ, ಇನ್ನೊಂದು ಕಡೆ ಪ್ರಧಾನಿ. ನಾನು ನಕ್ಕು ನಕ್ಕು ಹೊಟ್ಟೆ ಹುಣ್ಣಾಗಿ ಚಾಪೆಯ ಮೇಲೆ ಉರುಳಿದೆ. ಅಜ್ಜಿ ಮಾತ್ರ "ಆ ಸೀರೆ ಉಟ್ಕೊಂಡು ಹೋಗ್ಬೇಡ ಅಂತ ಬಡ್ಕೊಂಡೆ" ಎಂದು ಗೊಣಗುತ್ತಲೇ ಇದ್ದಳು.

ನಮಗೆ ನಗು, ಅವಳಿಗೆ ಪ್ರಾಣಸಂಕಟ. ಟ್ಯಾಂಕುಗಳು ಹೋದವು, ನಾವಿಕರು ಹೋದರು, ನೆತ್ತಿಯ ಮೇಲೆ ವಿಮಾನಗಳು ಹೋದವು. ಅವಳ ಕಣ್ಣು ಮೂರನೇ ಕಂಬದ ಮೇಲೆ. ಕಂಬ ಖಾಲಿ. ರಾಷ್ಟ್ರಾಧ್ಯಕ್ಷೆ ಕೂತಿರುವಾಗ ಎದ್ದು ಹೋಗುವ ಹಾಗಿಲ್ಲ ಎಂಬ ನಿಯಮ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಷ್ಟರಲ್ಲಿ ಬ್ಯಾಂಡು ಬಂತು.

ಡ್ರಮ್ಮಿನ ಮೇಲೆ ಒಂದು ತಲೆ, ಡ್ರಮ್ಮಿನ ಕೆಳಗೆ ಎರಡು ಕಾಲು, ಢಂ ಚಿಕ್ಕಪ್ಪ ಅಂದರೆ ಕಾಣುವುದು ಅಷ್ಟೇ. ಆ ತಲೆ ಕಂಬದ ಕಡೆ ತಿರುಗಿತು. ಇಲ್ಲ. ಇನ್ನೊಮ್ಮೆ ತಿರುಗಿತು. ಇಲ್ಲ. ಢಂ ಎನ್ನುತ್ತಿದ್ದ ಡ್ರಮ್ಮು ಧಪ್ ಎಂದಿತು. ಆಮೇಲೆ ಅದೂ ತಡವಾಗತೊಡಗಿತು. ಹಿಂದೆ ಬರುತ್ತಿದ್ದ ಇಡೀ ರೆಜಿಮೆಂಟಿನ ಎಡಗಾಲುಗಳು ಎಲ್ಲಿ ಇಳಿಯಬೇಕೆಂದು ತಿಳಿಯದೆ ಗಾಳಿಯಲ್ಲೇ ತಡವರಿಸಿದವು. "ಡ್ರಮ್ಮಿಗೇನು ಬಂತು ರೋಗ?" ಎಂದು ದಂಡನಾಯಕರು ಹಲ್ಲು ಕಡಿದರು.

"ಅಮ್ಮಾ, ನಾನು ಹೋಗ್ಲಾ?" ಎಂದು ಚಿಕ್ಕಮ್ಮ ಕೇಳಿದಳು. ತುತ್ತೂರಿಯ ಗದ್ದಲದಲ್ಲಿ ರಾಷ್ಟ್ರಾಧ್ಯಕ್ಷೆಗೆ ಕೇಳಿಸಲಿಲ್ಲ. ಬ್ಯಾಂಡು ಎದುರಿಗೇ ಬಂತು. ಇನ್ನೆರಡು ಹೆಜ್ಜೆ ಹಾಕಿದರೆ ದಾಟಿಯೇ ಹೋಗುತ್ತದೆ, ಐದು ವರ್ಷಕ್ಕೆ. ಚಿಕ್ಕಮ್ಮನಿಗೆ ಅಳು ಬಂತು, ಸಿಟ್ಟು ಬಂತು, ಕೆಲಸ ಹೋದರೆ ಹೋಗಲಿ ಎನ್ನಿಸಿತು. ಎದ್ದು ನಿಂತಳು.

ಈಗ ಕೇಳಿ ಮಜಾ. ತಮಗಿಂತ ಮೇಲಿನವರು ಎದ್ದರೆ ಕೆಳಗಿನವರು ಕೂತಿರಬಾರದು. ಚಿಕ್ಕಮ್ಮ ಕೂತಿದ್ದು ಪ್ರಧಾನಿಗಿಂತ ಮೇಲೆ. ಪ್ರಧಾನಿ ದಡಬಡಿಸಿ ಎದ್ದರು. ಪ್ರಧಾನಿ ಎದ್ದರೆಂದು ಸಭಾಪತಿ, ಸಭಾಪತಿ ಎದ್ದರೆಂದು ಮುಖ್ಯ ನ್ಯಾಯಮೂರ್ತಿ. ಆಚೆ ರಕ್ಷಣಾ ಮಂತ್ರಿ, ಮೂವರು ದಂಡನಾಯಕರು, ಎದ್ದ ಮೇಲೆ ಸುಮ್ಮನಿರಲಾಗದೆ ಮೂವರೂ ಸಲ್ಯೂಟು. ಹಿಂದೆ ಮಂತ್ರಿಗಳು, ಕಾರ್ಯದರ್ಶಿಗಳು, ಜನರಲ್ಲುಗಳು, ರಾಯಭಾರಿಗಳು. ಏಕೆ ಎಂದು ಒಬ್ಬರಿಗೂ ಗೊತ್ತಿಲ್ಲ, ಕೇಳುವ ಧೈರ್ಯವೂ ಇಲ್ಲ. ಕೊನೆಗೆ ರಾಷ್ಟ್ರಾಧ್ಯಕ್ಷೆ "ಎಲ್ಲಾ ನಿಂತ್ಮೇಲೆ ನಾನೊಬ್ಬಳೇ ಏನು ಮಾಡ್ಲಿ" ಎಂದು ಚಿಕ್ಕಮ್ಮನ ಭುಜ ಹಿಡಿದು ಎದ್ದರು.

ಅಷ್ಟೂ ಕುರ್ಚಿಗಳು ಸರಿದ ಸದ್ದಿಗೆ ಡ್ರಮ್ಮಿನ ಮೇಲಿನ ತಲೆ ತಿರುಗಿತು. ಕಂಡಿತು. ಸರ್ಕಾರದ ನಟ್ಟನಡುವೆ ಅವಳು, ಸೊಂಟದ ಬಟ್ಟೆ ಕಿತ್ತು ತಲೆಯ ಮೇಲೆ ಬೀಸುತ್ತಿದ್ದಳು. ಹೂಂ, ಹೂಂ, ಹೂಂ!

ಢಂ! ಅಂಥ ಢಂ ಆ ಮೈದಾನ ಕೇಳಿರಲಿಲ್ಲ. ತಾಳದಲ್ಲಿ ಇಲ್ಲದ ಒಂದು, ಅದರ ಮೇಲೆ ಇನ್ನೊಂದು. ರೆಜಿಮೆಂಟಿಗೆ ರೆಜಿಮೆಂಟೇ ಒಂದು ಪುಟ್ಟ ಕುಣಿತ ಕುಣಿದು ಮತ್ತೆ ಹೆಜ್ಜೆಗೆ ಬಿತ್ತು. "ಈ ವರ್ಷದಿಂದ ವಾದ್ಯವೃಂದಕ್ಕೆ ವಿಶೇಷ ಗೌರವ" ಎಂದು ಟೀವಿಯವನು ಕೂಡಲೇ ಘೋಷಿಸಿದ, ಎಲ್ಲ ಗೊತ್ತಿದ್ದವನ ಹಾಗೆ. ಅಜ್ಜಿ ಆ ಡ್ರಮ್ಮಿನ ಮೇಲಿನ ಮುಖವನ್ನೇ ಕಣ್ಣು ಕಿರಿದು ಮಾಡಿ ನೋಡಿದಳು. "ಇವನ್ಯಾರೇ, ಹೀಗೆ ಹಲ್ಲು ಬಿಡ್ತಿದಾನೆ?" ಎಂದಳು. ಒಂದು ಕ್ಷಣ ಬಿಟ್ಟು, "ನಿಂತ್ಕೊಂಡೇ ಇರೋ ಕೆಲಸ ಅಲ್ವಾ ಇವನದು?" ಎಂದಳು.

ಕವಾಯತು ಮುಗಿದ ಮೇಲೆ ಸಮಾರಂಭದ ಅಧಿಕಾರಿ ಚಿಕ್ಕಮ್ಮನನ್ನು ಕೆಲಸದಿಂದ ತೆಗೆಯಲು ಹೊರಟಿದ್ದ. ಅಷ್ಟರಲ್ಲಿ ಎದ್ದು ನಿಂತದ್ದು ಬಹಳ ಚೆನ್ನಾಗಿತ್ತು, ಇದು ಯಾರ ಯೋಚನೆ ಎಂದು ವಿದೇಶಿ ರಾಯಭಾರಿಯೊಬ್ಬರು ಪ್ರಧಾನಿಯನ್ನು ಕೇಳಿದರು. "ನಮ್ಮದೇ" ಎಂದರು ಪ್ರಧಾನಿ. ಅಲ್ಲಿಗೆ ಅಧಿಕಾರಿಯ ಬಾಯಿಗೆ ಬೀಗ ಬಿತ್ತು.

ಢಂ ಚಿಕ್ಕಪ್ಪ ಡ್ರಮ್ಮು ಇಳಿಸದೆ ಓಡಿ ಬ್ಯಾಂಡ್ ಮಾಸ್ತರರ ಎದುರು ನಿಂತ.

"ಗಡಿಗೆ ನನ್ನ ಹೆಸರು ಬೇಡ ಸಾರ್. ಮದುವೆ ಗೊತ್ತಾಯ್ತು."

"ಯಾವಾಗಯ್ಯಾ? ಬೆಳಗ್ಗೆ ಇರ್ಲಿಲ್ವಲ್ಲ?"

"ಈಗ ಸಾರ್. ಕವಾಯತಿನಲ್ಲಿ."

"ತಲೆ ಕೆಟ್ಟಿದ್ಯಾ? ಯಾರಿದ್ರು ಸಾಕ್ಷಿ?"

"ಸರ್ಕಾರ ಸಾರ್," ಎಂದ ಢಂ ಚಿಕ್ಕಪ್ಪ. "ಎದ್ದು ನಿಂತಿತ್ತಲ್ಲ, ನೀವೇ ನೋಡಿದ್ರಿ."